ಬೇರೆ ಶೈಲಿಯವರ ಮ್ಯಾಟ್ ಮೇಲೆ ಬಿಳಿ ಬೆಲ್ಟ್ ಕಟ್ಟಿ ನಿಂತವರು ಇದ್ದೀರಾ?

ಬರಿಗೈ:
ಹದಿನಾಲ್ಕು ವರ್ಷದಿಂದ ಕರಾಟೆ ಮಾಡುತ್ತಿದ್ದೇನೆ. ಹೋದ ತಿಂಗಳು ಮೊದಲ ಸಲ ಒಂದು ಜೂಡೋ ತರಗತಿಗೆ ಹೋದೆ. ಕಪ್ಪು ಬೆಲ್ಟ್ ಬ್ಯಾಗಿನಲ್ಲೇ ಇತ್ತು. ಕಟ್ಟಿಕೊಳ್ಳಲೋ ಬೇಡವೋ ಅಂತ ಬಟ್ಟೆ ಬದಲಿಸುವ ಕೋಣೆಯಲ್ಲಿ ಐದು ನಿಮಿಷ ಸುಮ್ನೆ ಕೂತಿದ್ದೆ. ಕೊನೆಗೆ ಅಲ್ಲಿನ ಗುರುಗಳ ಹತ್ತಿರ ಯಾರದೋ ಹಳೇ ಬಿಳಿ ಬೆಲ್ಟ್, ಅಂದರೆ ಹೊಸಬರದ್ದು, ಕೇಳಿ ಕಟ್ಟಿಕೊಂಡೆ.

ಜೋಡಿಯಾಗಿ ಸಿಕ್ಕಿದ ಹುಡುಗಿ ನನಗಿಂತ ಹದಿನೈದು ಕಿಲೋ ಹಗುರ. ಬಲಗೈಯಲ್ಲಿ ನನ್ನ ಕೊರಳಪಟ್ಟಿ, ಎಡಗೈಯಲ್ಲಿ ಮೊಣಕೈ ಹತ್ತಿರದ ತೋಳು ಹಿಡಿದಳು. ಹಿಡಿತ ಅಂಥ ಬಿಗಿಯೇನೂ ಇರಲಿಲ್ಲ. ನಾನು ರೂಢಿಯಂತೆ ಮುಂಗಾಲಿನ ಮೇಲೆ ಭಾರ ಹಾಕಿ ಗಟ್ಟಿಯಾಗಿ ನಿಂತೆ. ಅವಳು ಸ್ವಲ್ಪ ಹಿಂದಕ್ಕೆ ತಳ್ಳಿದಳು. ನಾನು ಮುಂದಕ್ಕೆ ಒತ್ತಿದೆ. ಅವಳು ಕಾಯುತ್ತಿದ್ದದ್ದೇ ಅದಕ್ಕೆ. ನಾನು ಒತ್ತಿದ ದಿಕ್ಕಿಗೇ ಎಳೆದುಕೊಂಡು, ಮೊಣಕಾಲು ಬಗ್ಗಿಸಿ ನನ್ನ ಎದೆಯ ಕೆಳಗೆ ನುಗ್ಗಿ, ಬೆನ್ನು ತಿರುಗಿಸಿದಳು. ಚಾವಣಿಯ ದೀಪ ನನ್ನ ಕಾಲಿನ ಹತ್ತಿರ ಕಂಡಿತು. ಧಬ್ ಅಂತ ಬಿದ್ದೆ.

ಬಿದ್ದವನ ತಲೆಯಲ್ಲಿ ಬಂದ ಮೊದಲ ಮಾತು ಏನು ಗೊತ್ತಾ? "ಗುದ್ದಲು ಬಿಟ್ಟಿದ್ದರೆ ಇವಳು ಹತ್ತಿರ ಬರುತ್ತಿದ್ದಳಾ?" ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಅಂತಾರಲ್ಲ, ಹಾಗೆ. ಮನೆಗೆ ಹೋಗುವ ದಾರಿಯಲ್ಲಿ ಇನ್ನೊಂದು ವಿಷಯ ಹೊಳೆಯಿತು. ನಾನು ನೆಲ ಮುಟ್ಟುವ ಮುಂಚೆ ಅವಳು ನನ್ನ ತೋಳನ್ನು ಮೇಲಕ್ಕೆ ಎಳೆದಿದ್ದಳು. ಅದಕ್ಕೇ ತಲೆ ಬಡಿಯಲಿಲ್ಲ. ನನ್ನ ಹೆಸರು ಕೂಡ ಗೊತ್ತಿಲ್ಲದವಳು.

ನಮ್ಮ ಡೋಜೊದಲ್ಲಿ, ಅಂದರೆ ಕರಾಟೆ ಶಾಲೆಯಲ್ಲಿ, ಇದನ್ನು ಹೇಳಿದೆ. ಒಬ್ಬ ಹಿರಿಯರ ಮುಖ ಬಾಡಿತು. "ನಮ್ಮಲ್ಲಿ ಏನು ಕಡಿಮೆ ಆಗಿತ್ತು?" ಅಂದರು. ಉತ್ತರ ತೋಚಲಿಲ್ಲ. ನಿಮಗೆಲ್ಲ ಹೀಗೆ ಆಗಿದೆಯಾ?

ಮಣ್ಣುಮೀಸೆ:
ಆಗದೇ ಇರುತ್ತಾ! ನಾನು ಕುಸ್ತಿಯವನು. ನೆಲದ ಮೇಲೆ ಹಿಡಿದು ಸೋಲಿಸುವ ಜಿಯು ಜಿತ್ಸು ಕಲಿಯುವವರ ಜೊತೆ ಮೊದಲ ದಿನ ಆಡಿದಾಗ ಎದುರಿನವನು ತಾನಾಗೇ ಬೆನ್ನ ಮೇಲೆ ಮಲಗಿಬಿಟ್ಟ. ನಮ್ಮಲ್ಲಿ ಎರಡು ಭುಜ ನೆಲಕ್ಕೆ ತಾಗಿದರೆ ಆಟ ಮುಗಿಯಿತು, ಚಿತ್. ಪಾಪ, ಇವನಿಗೆ ಏನೂ ಬರಲ್ಲ ಅಂದುಕೊಂಡು ಮೇಲೆ ಬಿದ್ದೆ. ಹತ್ತು ಸೆಕೆಂಡಿನಲ್ಲಿ ಅವನ ಎರಡು ಕಾಲು ನನ್ನ ಕುತ್ತಿಗೆಗೆ ಸುತ್ತಿಕೊಂಡಿದ್ದವು.

ಎರಡನೇ ಸಲ ಬುದ್ಧಿವಂತಿಕೆ ಮಾಡಿದೆ. ನಾನು ಕೆಳಗೆ ಬಿದ್ದಾಗ ಭುಜ ತಾಗಬಾರದು ಅಂತ ಬೋರಲು ತಿರುಗಿದೆ. ಇದು ನಮಗೆ ರಕ್ತದಲ್ಲೇ ಬಂದುಬಿಟ್ಟಿರುತ್ತದೆ. ಅವನು ಆರಾಮವಾಗಿ ನನ್ನ ಬೆನ್ನೇರಿ ಕತ್ತಿನ ಕೆಳಗೆ ಕೈ ತೂರಿಸಿದ. ಮತ್ತೆ ಟ್ಯಾಪ್, ಅಂದರೆ ಕೈ ತಟ್ಟಿ ಸೋಲೊಪ್ಪಿಕೊಂಡೆ. ನಮ್ಮ ಗೆಲುವಿನ ಅಭ್ಯಾಸವೇ ಅವರ ಮನೆ ಬಾಗಿಲು ತೆರೆಯುವ ಕೀಲಿಕೈ.

ಮೂರನೇ ಸಲ ನಾನು ಅವನನ್ನು ನಿಂತಲ್ಲಿಂದ ಎತ್ತಿ ಹಾಕಿದೆ. ಎದ್ದವನು ನಗುತ್ತಾ "ಇದನ್ನು ಹೇಳಿಕೊಡಿ ಅಣ್ಣಾ" ಅಂದ. ಅಲ್ಲಿಂದ ಇಬ್ಬರೂ ಗಂಟೆಗಟ್ಟಲೆ ಅದನ್ನೇ ಮಾಡುತ್ತಿದ್ದೇವೆ.

ಅನುಮಾನ:
ಕಥೆಗಳು ಚೆನ್ನಾಗಿವೆ. ಆದರೆ "ಎಲ್ಲಾ ಶೈಲಿಗಳೂ ಒಂದೇ, ಎಲ್ಲವೂ ಶ್ರೇಷ್ಠ" ಅನ್ನುವ ಭಜನೆ ಶುರುವಾಗುವ ಮುಂಚೆ ಒಂದು ಮಾತು. ಒಂದೇ ಅಲ್ಲ. 1993ರ ಮೊದಲ ಯುಎಫ್‌ಸಿಯಲ್ಲಿ ಅಂದರೆ ಬೇರೆ ಬೇರೆ ಶೈಲಿಯವರ ಪಂದ್ಯಾವಳಿಯಲ್ಲಿ ಎಂಟು ಜನ, ತೂಕದ ವಿಭಾಗವೇ ಇಲ್ಲ, ಒಂದೇ ರಾತ್ರಿ. ನೋಡಲು ತೆಳ್ಳಗಿದ್ದ ಜಿಯು ಜಿತ್ಸುವಿನ ರಾಯ್ಸ್ ಗ್ರೇಸಿ ಮೂರು ಪಂದ್ಯ ಗೆದ್ದ. ನೆಲದ ಆಟ ಗೊತ್ತಿಲ್ಲದವರ ಕಥೆ ಏನಾಗುತ್ತದೆ ಅಂತ ಅವತ್ತೇ ಗೊತ್ತಾಯಿತು. ಮನಸ್ಸು ತೆರೆದಿಡಿ ಅಂದರೆ ಕಣ್ಣು ಮುಚ್ಚಿಕೊಳ್ಳಿ ಅಂತ ಅಲ್ಲ, ಅಲ್ವಾ?

ಎಡಗೈ:
ಅವತ್ತು ರಾಯ್ಸ್ ಎದುರು ಮೊದಲು ನಿಂತವನು ನಮ್ಮ ಬಾಕ್ಸಿಂಗ್‌ನವನೇ, ಆರ್ಟ್ ಜಿಮರ್ಸನ್. ಒಂದೇ ಕೈಗೆ ಗ್ಲೌಸ್ ಹಾಕಿಕೊಂಡು ಬಂದಿದ್ದ. ನಾವು ಬಾಕ್ಸರ್‌ಗಳು ಅದನ್ನು ನೆನೆಸಿಕೊಂಡು ಈಗಲೂ ತಲೆ ಚಚ್ಚಿಕೊಳ್ಳುತ್ತೇವೆ. ಆದರೆ ಅವನ ಅವಸ್ಥೆ ನನಗೆ ಚೆನ್ನಾಗಿ ಅರ್ಥ ಆಗುತ್ತದೆ. ಏನು ಬರುತ್ತದೋ ಗೊತ್ತಿಲ್ಲದಾಗ ಮನುಷ್ಯ ತನಗೆ ಗೊತ್ತಿರುವುದರಲ್ಲಿ ಅರ್ಧವನ್ನಾದರೂ ಕಟ್ಟಿಕೊಂಡು ಹೋಗುತ್ತಾನೆ.

ನನ್ನ ಅನುಭವ ಹೇಳುತ್ತೇನೆ. ಶೈಲಿಗಳ ಜಗಳದಲ್ಲಿ ಮುಕ್ಕಾಲು ಪಾಲು ನಿಯಮಗಳ ಜಗಳ. ಒಲಿಂಪಿಕ್ ಟೇಕ್ವಾಂಡೋದಲ್ಲಿ ಮುಖಕ್ಕೆ ಗುದ್ದುವಂತಿಲ್ಲ, ಮುಖಕ್ಕೆ ಕಾಲಿಗೆ ಮಾತ್ರ ಪರವಾನಗಿ. ಹಾಗಾಗಿ ಅವರ ಕೈ ಕೆಳಗೆ ಇಳಿದಿರುತ್ತದೆ. ಕ್ಯೊಕುಶಿನ್ ಕರಾಟೆಯವರು ಬರಿಗೈಯಲ್ಲಿ ಎದೆ ಹೊಟ್ಟೆ ಸೇರಿಸಿ ಬಾರಿಸುತ್ತಾರೆ. ಆದರೆ ಅವರಲ್ಲೂ ಮುಖಕ್ಕೆ ಮುಷ್ಟಿ ಇಲ್ಲ. ಅದಕ್ಕೇ ಎದೆಗೆ ಎದೆ ಕೊಟ್ಟು ನಿಲ್ಲುವ ಧೈರ್ಯ. ನಮಗೋ, ಸೊಂಟದ ಕೆಳಗಿನ ಲೋಕವೇ ಇಲ್ಲ. ಮುಂಗಾಲಿನ ಮೇಲೆ ಭಾರ ಹಾಕಿ ತಲೆ ಆಡಿಸುತ್ತಾ ನಿಲ್ಲುತ್ತೇವೆ. ಮುಯೆ ಥಾಯ್‌ನವನು ಅದೇ ಮುಂಗಾಲಿನ ತೊಡೆಗೆ ಒಂದು ಒದೆ ಬಿಟ್ಟರೆ ಎರಡು ದಿನ ಮೆಟ್ಟಿಲು ಹತ್ತುವಾಗ ಅವನ ನೆನಪು.

ನನ್ನ ಟೇಕ್ವಾಂಡೋ ಗೆಳೆಯ ಒಬ್ಬ ಇದ್ದಾನೆ. ಮೊದಲ ದಿನ ಅವನ ಕೈ ಕೆಳಗಿರುವುದು ನೋಡಿ ಒಳಗೊಳಗೇ ನಕ್ಕೆ. ಎರಡು ಜಾಬ್, ಅಂದರೆ ಮುಂದಿನ ಕೈಯ ನೇರ ಗುದ್ದು, ಮೂಗಿಗೆ ಮುಟ್ಟಿಸಿದೆ, ಮೆಲ್ಲಗೆ. ಅವನು ಬೇಜಾರಾಗಲಿಲ್ಲ, ಒಂದು ಹೆಜ್ಜೆ ಹಿಂದೆ ಸರಿದ. ಒಂದೇ ಹೆಜ್ಜೆ. ಅಲ್ಲಿಂದ ಮುಂದೆ ನನ್ನ ಜಾಬ್ ಅವನಿಗೆ ನಾಲ್ಕು ಬೆರಳು ದೂರದಲ್ಲೇ ನಿಲ್ಲುತ್ತಿತ್ತು, ಅವನ ಕಾಲು ಮಾತ್ರ ನನ್ನ ಪಕ್ಕೆಲುಬಿಗೆ ಸಿಗುತ್ತಿತ್ತು. ಕೈ ಕೆಳಗಿಟ್ಟಿದ್ದು ಸೋಮಾರಿತನ ಅಲ್ಲ. ಅವನ ಕಾವಲು ಇದ್ದದ್ದು ದೂರದಲ್ಲಿ. ನಾನು ನೋಡುತ್ತಿದ್ದದ್ದು ಕೈಯನ್ನು. ಆಮೇಲೆ ಅವನೇ ನನಗೆ ಹೆಜ್ಜೆಯ ಚಳಕ ಹೇಳಿಕೊಟ್ಟ, ನಾನು ಅವನಿಗೆ ಹತ್ತಿರಕ್ಕೆ ಬಂದವನ ಎದುರು ತಲೆ ಉಳಿಸಿಕೊಳ್ಳುವುದು ಹೇಳಿಕೊಟ್ಟೆ.

ಸೊಂಟಪಟ್ಟಿ:
ಬರಿಗೈ ಅವರೇ, ಆ ಹಿರಿಯರಿಗೆ ಹೇಳಲು ಒಂದು ಕಥೆ ಕೊಡುತ್ತೇನೆ. ಜೂಡೋ ಹೇಳಿಕೊಡುವವನು ನಾನು, ಸ್ವಲ್ಪ ಉದ್ದ ಆದರೆ ಬೈಯಬೇಡಿ.

ನಿಮ್ಮ ಸೊಂಟದ ಕಪ್ಪು ಬೆಲ್ಟ್ ಕರಾಟೆಗೆ ಬಂದದ್ದೇ ನಮ್ಮ ಮನೆಯಿಂದ. ಫುನಾಕೋಶಿ ಗಿಚಿನ್ 1922ರಲ್ಲಿ ಒಕಿನಾವಾದಿಂದ ಟೋಕಿಯೋಗೆ ಬಂದು ಕರಾಟೆ ಪ್ರದರ್ಶನ ಕೊಟ್ಟರು. ಜೂಡೋ ಕಟ್ಟಿದ ಕಾನೊ ಜಿಗೊರೊ ಈ ಫುನಾಕೋಶಿಯನ್ನು ತಮ್ಮ ಜೂಡೋ ಶಾಲೆ ಕೊಡೊಕಾನ್‌ಗೇ ಕರೆಸಿಕೊಂಡರು. ಕಾನೊ ಆಗಲೇ ಅರವತ್ತು ದಾಟಿದವರು, ನಲವತ್ತು ವರ್ಷದ ಸಂಸ್ಥೆಯ ಯಜಮಾನರು. ಊರಿಗೆ ಹೊಸದಾಗಿ ಬಂದ ಇನ್ನೊಂದು ವಿದ್ಯೆಯವನನ್ನು ಬಾಗಿಲಲ್ಲೇ ತಡೆಯಬಹುದಿತ್ತು. ತಡೆಯಲಿಲ್ಲ, ತನ್ನ ಶಿಷ್ಯರ ಎದುರೇ ಮಾಡಿ ತೋರಿಸಿ ಅಂದರು. ಫುನಾಕೋಶಿ 1924ರಲ್ಲಿ ತಮ್ಮ ಶಿಷ್ಯರಿಗೆ ಡಾನ್ ದರ್ಜೆ, ಅಂದರೆ ಕಪ್ಪು ಬೆಲ್ಟಿನ ದರ್ಜೆ, ಕೊಟ್ಟಾಗ ಆ ಪದ್ಧತಿ ಜೂಡೋದ್ದು. ಗೀ, ಅಂದರೆ ಅಭ್ಯಾಸದ ಉಡುಪು, ಕೂಡ ಜೂಡೋದ್ದನ್ನೇ ನೋಡಿ ಹೊಲಿಸಿದ್ದು. ಮುಂದೆ 1930ರಲ್ಲಿ ಕಾನೊ ಉಯೆಶಿಬಾ ಅವರ ವಿದ್ಯೆ ನೋಡಿದರು. ನಾವು ಈಗ ಐಕಿಡೋ ಅನ್ನುವುದರ ಹಿಂದಿನ ರೂಪ ಅದು. ನೋಡಿ ಬಂದು ಸುಮ್ಮನೆ ಹೊಗಳಲಿಲ್ಲ. ಮೊಚಿಜುಕಿ ಮಿನೊರು ಅಂಥ ತನ್ನ ಒಳ್ಳೇ ಶಿಷ್ಯರನ್ನೇ ಅಲ್ಲಿಗೆ ಕಲಿಯಲು ಕಳಿಸಿದರು. ತನ್ನ ಒಳ್ಳೇ ಹುಡುಗರನ್ನು ಬೇರೆಯವರ ಹತ್ತಿರ ಕಳಿಸಲು ಎಷ್ಟು ಜನ ಗುರುಗಳಿಗೆ ಎದೆ ಇದೆ? ನನಗಿದೆ ಅಂತ ಹೇಳಲಾರೆ. ಒಬ್ಬ ಒಳ್ಳೇ ಹುಡುಗ ಕುಸ್ತಿ ಕಲಿಯಲು ಹೋದಾಗ ಒಂದು ವಾರ ಮುನಿಸಿಕೊಂಡಿದ್ದೆ.

ಇನ್ನೊಂದು. ಕಾನೊ ಹುಡುಗನಾಗಿದ್ದಾಗ ಫುಕುಶಿಮಾ ಅನ್ನುವ ದೈತ್ಯನನ್ನು ಬೀಳಿಸಲು ಆಗುತ್ತಿರಲಿಲ್ಲ. ಸುಮೊ ಪಟ್ಟು ಪ್ರಯತ್ನಿಸಿದರು, ಆಗಲಿಲ್ಲ. ಕೊನೆಗೆ ಗ್ರಂಥಾಲಯಕ್ಕೆ ಹೋಗಿ ಪಾಶ್ಚಾತ್ಯ ಕುಸ್ತಿಯ ಪುಸ್ತಕ ತೆಗೆದು ನೋಡಿದರು. ಎದುರಾಳಿಯ ಕಾಲಿನ ನಡುವೆ ಕೈ ಹಾಕಿ ಹೆಗಲ ಮೇಲೆ ಹೊತ್ತು ಎಸೆಯುವ ಪಟ್ಟು ಸಿಕ್ಕಿತು. ಗೆದ್ದರು. ಅದೇ ನಮ್ಮ ಕಾತಾ ಗುರುಮಾ. ಜೂಡೋದ ಮೂಲ ಪಟ್ಟುಗಳ ಪಟ್ಟಿಯಲ್ಲಿ ಗೌರವದಿಂದ ಕೂತಿದೆ. ತಮಾಷೆ ಏನೆಂದರೆ 2010ರಲ್ಲಿ ಅಂತರರಾಷ್ಟ್ರೀಯ ಜೂಡೋ ಒಕ್ಕೂಟ ನೇರವಾಗಿ ಕಾಲಿಗೆ ಕೈ ಹಾಕುವುದನ್ನು ತಡೆಯಿತು, 2013ರಲ್ಲಿ ಇನ್ನೂ ಬಿಗಿ ಮಾಡಿತು. ಹಾಗಾಗಿ ಕಾನೊ ಕಷ್ಟಪಟ್ಟು ಹುಡುಕಿದ ಆ ಪಟ್ಟನ್ನು ಅವರು ಮಾಡಿದ ಹಾಗೇ ಇವತ್ತು ಸ್ಪರ್ಧೆಯಲ್ಲಿ ಮಾಡಿದರೆ ದಂಡ! ನಮ್ಮ ಹುಡುಗರು ನೆಟ್ಟಗೆ ನಿಂತು ಆಡುತ್ತಾರೆ. ಮಣ್ಣುಮೀಸೆ ಅಂಥವರು ಬಂದು ಎರಡೂ ಕಾಲು ಬಾಚಿದರೆ ಬಾಯಿ ಬಿಟ್ಟು ನೋಡುತ್ತಾರೆ. ಎಡಗೈ ಹೇಳಿದ್ದು ನೂರಕ್ಕೆ ನೂರು ನಿಜ.

ಹೊಸಗೀ:
ಎಲ್ಲರಿಗೂ ನಮಸ್ಕಾರ. ನಾನು ಕರಾಟೆ ಸೇರಿ ಆರು ತಿಂಗಳು. ಇದೆಲ್ಲ ಓದಿ ಜೂಡೋ, ಬಾಕ್ಸಿಂಗ್ ಎರಡಕ್ಕೂ ಸೇರೋಣ ಅನ್ನಿಸುತ್ತಿದೆ. ಸರಿನಾ?

ಸೊಂಟಪಟ್ಟಿ:
ಬೇಡಪ್ಪಾ, ಈಗಲೇ ಬೇಡ. ಮೊದಲು ಒಂದು ಕಡೆ ಬೇರು ಬಿಡು. ಜಪಾನಿನವರು ಶು, ಹಾ, ರಿ ಅನ್ನುತ್ತಾರೆ. ಮೊದಲು ಹೇಳಿದ್ದನ್ನು ಹೇಳಿದ ಹಾಗೇ ಮಾಡು, ಆಮೇಲೆ ಅದನ್ನು ಮುರಿದು ನೋಡು, ಕೊನೆಗೆ ಅದರಿಂದ ಬಿಡುಗಡೆ ಆಗು. ಆರು ತಿಂಗಳಿಗೆ ಮುರಿಯಲು ನಿನ್ನ ಹತ್ತಿರ ಏನಿದೆ?

ಎಡಗೈ:
ಗುರುಗಳೇ, ಇದಕ್ಕೆ ನಾನು ಒಪ್ಪಲ್ಲ. ಬೇರು ಬಿಡು ಬೇರು ಬಿಡು ಅಂತ ಹತ್ತು ವರ್ಷ ಕಟ್ಟಿ ಹಾಕಿದ ಮೇಲೆ ಯಾರೂ ಕದಲುವುದಿಲ್ಲ. ಆಮೇಲೆ ಬಿಳಿ ಬೆಲ್ಟ್ ಕಟ್ಟಿಕೊಳ್ಳಲು ಬರಿಗೈ ಅವರಿಗೆ ಐದು ನಿಮಿಷ ಬೇಕಾಯಿತು. ಈ ಹುಡುಗನಿಗೆ ಅರ್ಧ ನಿಮಿಷವೂ ಬೇಡ. ಇನ್ನೂ ಕಳೆದುಕೊಳ್ಳಲು ಏನೂ ಇಲ್ಲವಲ್ಲ! ಸೇರುವುದು ಬೇಡ, ಆದರೆ ತಿಂಗಳಿಗೆ ಒಂದು ದಿನ ಹೋಗಿ ಬಾ ಅಂತ ನಾನು ಹೇಳುತ್ತೇನೆ.

ಸೊಂಟಪಟ್ಟಿ:
ತಿಂಗಳಿಗೆ ಒಂದು ದಿನ ಆದರೆ ಅಡ್ಡಿ ಇಲ್ಲ. ಬೀಳುವುದನ್ನಾದರೂ ಕಲಿ.

ಉರುಳುಗಲ್ಲು:
ಬೀಳುವ ಮಾತು ಬಂತು, ಇನ್ನು ಸುಮ್ಮನಿರಲಾರೆ. ಇಪ್ಪತ್ತು ವರ್ಷದಿಂದ ಐಕಿಡೋ ಮಾಡುತ್ತಿದ್ದೇನೆ. ಎಲ್ಲಿ ಹೋದರೂ "ಅಯ್ಯೋ, ಅದು ಡ್ಯಾನ್ಸ್ ಅಲ್ವಾ" ಅನ್ನುವ ನಗು. ನಾಲ್ಕು ವರ್ಷದ ಹಿಂದೆ ಒದ್ದೆ ಮೆಟ್ಟಿಲ ಮೇಲೆ ಕಾಲು ಜಾರಿತು. ಹಿಂದಕ್ಕೆ ಬಿದ್ದೆ. ಗಲ್ಲ ತಾನಾಗಿ ಎದೆಗೆ ಅಂಟಿತು, ಬೆನ್ನು ದುಂಡಗಾಯಿತು, ಕೈ ಪಕ್ಕಕ್ಕೆ ಬಡಿಯಿತು. ಎದ್ದು ಸೀರೆ ಕೊಡವಿಕೊಂಡು ಹೋದೆ. ಇಪ್ಪತ್ತು ವರ್ಷದಲ್ಲಿ ನನ್ನ ಮೇಲೆ ಯಾರೂ ಕೈ ಮಾಡಿಲ್ಲ. ಆದರೆ ನೆಲ ಒಂದು ಸಲ ಕೈ ಮಾಡಿತು, ಅವತ್ತು ಆ ಡ್ಯಾನ್ಸೇ ಕಾಪಾಡಿದ್ದು.

ಆದರೆ ಅನುಮಾನ ಅವರ ಪಕ್ಷವನ್ನೂ ವಹಿಸುತ್ತೇನೆ. ನಮ್ಮಲ್ಲಿ ಬಹಳ ಕಡೆ ಎದುರಿನವರು ಬೀಳಲು ಒಪ್ಪಿಕೊಂಡೇ ಬರುತ್ತಾರೆ. ಕಲಿಯಲು ಅದು ಬೇಕು. ತೊಂದರೆ ಏನೆಂದರೆ ವರ್ಷಗಳು ಕಳೆದ ಮೇಲೆ ಅವರು ಒಪ್ಪಿಕೊಂಡು ಬೀಳುತ್ತಿದ್ದಾರೆ ಅನ್ನುವುದೇ ಮರೆತುಹೋಗುತ್ತದೆ. ನಾನು ಒಬ್ಬ ಜೂಡೋ ಹುಡುಗನ ಮಣಿಕಟ್ಟು ಹಿಡಿದು ತಿರುಗಿಸಿದೆ. ಅವನು ಮುಖ ನೋಡುತ್ತಾ ನಿಂತ. ಮತ್ತೆ ತಿರುಗಿಸಿದೆ. "ಈಗ ಬೀಳಬೇಕಾ ಮೇಡಂ?" ಅಂತ ವಿನಯದಿಂದ ಕೇಳಿದ! ಅವತ್ತು ಅತ್ತುಬಿಡುವ ಹಾಗಾಯಿತು. ಆಮೇಲೆ ಇಬ್ಬರೂ ಕೂತು ಅದೇ ಪಟ್ಟನ್ನು ಬಿಡಿಸಿ ನೋಡಿದೆವು. ನಾನು ಅವನ ಸಮತೋಲನ ತಪ್ಪಿಸದೇ ನೇರವಾಗಿ ಮಣಿಕಟ್ಟಿಗೆ ಹೋಗುತ್ತಿದ್ದೆ. ನಮ್ಮ ಗುರುಗಳು ಮೊದಲ ವರ್ಷವೇ ಹೇಳಿಕೊಟ್ಟ ಪಾಠ ಅದು. ಬೇರೆ ಶೈಲಿಯ ಹುಡುಗ ನನಗೆ ನನ್ನ ಗುರುಗಳ ಮಾತನ್ನೇ ವಾಪಸ್ ಕೊಟ್ಟ.

ಅನುಮಾನ:
ಉರುಳುಗಲ್ಲು ಅಕ್ಕಾ, ಇದನ್ನು ಬರೆಯಲು ಧೈರ್ಯ ಬೇಕು. ಡ್ಯಾನ್ಸ್ ಅಂದವರಲ್ಲಿ ನಾನೂ ಒಬ್ಬ. ಕ್ಷಮಿಸಿ.

ನನ್ನ ಸಿಟ್ಟು ಇರುವುದು ಮುಟ್ಟದೇ ಬೀಳಿಸುತ್ತೇನೆ ಅನ್ನುವವರ ಮೇಲೆ. ಅಂಥವರ ತರಗತಿಯಲ್ಲಿ ಒಮ್ಮೆ ನಿಂತಿದ್ದೆ. ಶಿಷ್ಯರೆಲ್ಲ ತರಗೆಲೆ ಥರ ಉದುರಿದರು, ನಾನು ನಿಂತೇ ಇದ್ದೆ. "ನಿನ್ನ ಮನಸ್ಸು ಮುಚ್ಚಿದೆ" ಅಂದರು. ತೆರೆದ ಮನಸ್ಸು ಅನ್ನುವ ಮಾತು ಅಲ್ಲಿಂದ ಈಚೆಗೆ ನನಗೆ ಅಲರ್ಜಿ. ನಿಮ್ಮ ಮಣಿಕಟ್ಟಿನ ಕಥೆ ನೋಡಿದರೆ ವ್ಯತ್ಯಾಸ ಗೊತ್ತಾಗುತ್ತದೆ. ಪಟ್ಟು ಹತ್ತದೇ ಹೋದಾಗ ನೀವು ಬಿಡಿಸಿ ನೋಡಿದಿರಿ, ಅವರು ತಪ್ಪನ್ನು ನನ್ನ ತಲೆಗೆ ಕಟ್ಟಿದರು.

ಇನ್ನು ಸ್ನೇಹದ ವಿಷಯ. 1976ರಲ್ಲಿ ಟೋಕಿಯೋದ ಬುಡೊಕಾನ್‌ನಲ್ಲಿ ಮೊಹಮ್ಮದ್ ಅಲಿ ಮತ್ತು ಅಂತೋನಿಯೊ ಇನೊಕಿ ಎದುರಾದರು. ಬಾಕ್ಸರ್ ಮತ್ತು ಕುಸ್ತಿಗಾರ. ಹದಿನೈದು ಸುತ್ತು. ಇನೊಕಿ ಹೆಚ್ಚು ಹೊತ್ತು ನೆಲದ ಮೇಲೆ ಮಲಗಿಕೊಂಡೇ ಅಲಿಯ ಕಾಲಿಗೆ ಒದ್ದ, ಅಲಿ ಸುತ್ತ ತಿರುಗುತ್ತಾ ಬೈದ. ಡ್ರಾ. ನೋಡಿದವರಿಗೆಲ್ಲ ಬೇಸರ. ಒದೆ ತಿಂದ ಅಲಿಯ ಕಾಲಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಆದರೂ 1998ರಲ್ಲಿ ಇನೊಕಿಯ ವಿದಾಯದ ಪಂದ್ಯಕ್ಕೆ ಅಲಿ ಬಂದರು. ಪಾರ್ಕಿನ್ಸನ್ ಕಾಯಿಲೆಯಲ್ಲಿ ಕೈ ನಡುಗುತ್ತಿದ್ದ ಕಾಲ ಅದು. ಅನುಮಾನದವನಿಗೂ ಇಂಥದ್ದು ನೋಡಿದರೆ ಗಂಟಲು ಕಟ್ಟುತ್ತದೆ.

ಮಣ್ಣುಮೀಸೆ:
ಅದಕ್ಕಿಂತ ನನಗೆ ಇಷ್ಟವಾದದ್ದು ಕಿಮುರಾ ಕಥೆ. 1951ರಲ್ಲಿ ಜೂಡೋದ ಕಿಮುರಾ ಮಸಾಹಿಕೊ ರಿಯೊದ ಮರಕಾನಾ ಕ್ರೀಡಾಂಗಣದಲ್ಲಿ ಜಿಯು ಜಿತ್ಸುವಿನ ಎಲಿಯೊ ಗ್ರೇಸಿಯ ತೋಳು ತಿರುಚಿ ಹಿಡಿದರು. ಎಲಿಯೊ ಟ್ಯಾಪ್ ಮಾಡಲೇ ಇಲ್ಲ. ಅವರ ಕಡೆಯವರೇ ಟವೆಲ್ ಎಸೆದು ನಿಲ್ಲಿಸಿದರು. ಆಮೇಲೆ ಆ ಪಟ್ಟಿಗೆ ಜಿಯು ಜಿತ್ಸುವಿನವರು ಕೊಟ್ಟ ಹೆಸರು ಕಿಮುರಾ. ಮೀಸೆ ಮಣ್ಣಾಗಿದೆ ಅಂತ ಒಪ್ಪಿಕೊಂಡು, ಆ ಮಣ್ಣಿಗೆ ಹೆಸರೂ ಇಟ್ಟರು ನೋಡಿ. ದಿನಾ ಮ್ಯಾಟ್ ಮೇಲೆ ಆ ಹೆಸರು ಕೂಗುವ ಹುಡುಗರಲ್ಲಿ ಎಷ್ಟು ಜನಕ್ಕೆ ಇದು ಗೊತ್ತೋ.

ಸೊಂಟಪಟ್ಟಿ:
ಇದಕ್ಕೆ ಉಲ್ಟಾ ಕಥೆಯೂ ಇದೆ. ವಾಸಿಲಿ ಓಶ್ಚೆಪ್ಕೊವ್ ಕೊಡೊಕಾನ್‌ನಲ್ಲಿ ಕಲಿತು ಡಾನ್ ಪಡೆದ ರಷ್ಯನ್. ಜೂಡೋ ಜೊತೆ ಬೇರೆ ಬೇರೆ ಕುಸ್ತಿ ಸೇರಿಸಿ, ಮುಂದೆ ಸ್ಯಾಂಬೊ ಅನ್ನುವ ರಷ್ಯನ್ ಕುಸ್ತಿಯಾದ ವಿದ್ಯೆಗೆ ತಳಪಾಯ ಹಾಕಿದವರಲ್ಲಿ ಒಬ್ಬರು. 1937ರಲ್ಲಿ ಜಪಾನಿನ ಗೂಢಚಾರ ಅನ್ನುವ ಆರೋಪ ಹೊರಿಸಿ ಹಿಡಿದರು. ಜೈಲಿನಲ್ಲೇ ತೀರಿಕೊಂಡರು. ಮರುವರ್ಷ ಆ ಕುಸ್ತಿಗೆ ಸರ್ಕಾರದ ಮನ್ನಣೆ ಸಿಕ್ಕಿತು, ಅವರ ಹೆಸರು ಮಾತ್ರ ಬಹಳ ಕಾಲ ಯಾರೂ ಎತ್ತಲಿಲ್ಲ. ಎಲ್ಲಿಂದ ಕಲಿತೆವು ಅಂತ ಬಾಯಿ ಬಿಟ್ಟು ಹೇಳುವುದು ಎಲ್ಲಾ ಕಾಲದಲ್ಲೂ ಸುಲಭ ಆಗಿರಲಿಲ್ಲ. ಈಗ ನಮಗೆ ಅಂಥ ಭಯ ಏನಿದೆ? ಆದರೂ ಹೇಳಲ್ಲ.

ಎಡಗೈ:
ಒಂದು ಕಹಿ ಮಾತೂ ಹೇಳಿಬಿಡುತ್ತೇನೆ. ನಮ್ಮಲ್ಲಿಗೆ ಬೇರೆ ಶೈಲಿಯ ಒಬ್ಬ ಅತಿಥಿ ಬಂದಿದ್ದ. "ಕಲಿಯಲು ಬಂದಿದ್ದೇನೆ" ಅಂದ. ಮೆಲ್ಲಗೆ ಆಡೋಣ ಅಂತ ಗ್ಲೌಸ್ ಮುಟ್ಟಿಸಿದೆವು. ಗಂಟೆ ಹೊಡೆದ ತಕ್ಷಣ ತೊಡೆ ತಟ್ಟಿ ಬಂದವನ ಹಾಗೆ ಬಾರಿಸಲು ಶುರು ಮಾಡಿದ. ಅವನ ಎದುರು ಇದ್ದದ್ದು ಹದಿನೇಳರ ಹುಡುಗ, ಮೂಗು ಒಡೆಯಿತು. ನಮ್ಮ ಕೋಚ್ ಬೈಯಲಿಲ್ಲ. ಆ ಅತಿಥಿಯ ಗ್ಲೌಸ್ ತಾವೇ ಬಿಚ್ಚಿಕೊಟ್ಟು ಬಾಗಿಲವರೆಗೆ ಹೋಗಿ ಬಿಟ್ಟು ಬಂದರು. ಅದಾದ ಮೇಲೆ ಆರು ತಿಂಗಳು ಯಾವ ಹೊರಗಿನವರನ್ನೂ ಸೇರಿಸಲಿಲ್ಲ. ಒಬ್ಬನ ಮೀಸೆಗೆ ಎಷ್ಟು ಜನ ಬಾಗಿಲು ಕಳೆದುಕೊಂಡರು ನೋಡಿ.

ಹೊಸಗೀ:
ಹಾಗಾದರೆ ಅತಿಥಿಯಾಗಿ ಹೋಗುವವನು ಏನು ಮಾಡಬೇಕು, ಅದನ್ನಾದರೂ ಹೇಳಿ.

ಉರುಳುಗಲ್ಲು:
ಕೈಕಾಲಿನ ಉಗುರು ಕತ್ತರಿಸಿಕೊಂಡು ಹೋಗು. ತಮಾಷೆ ಅಲ್ಲ, ಮೊದಲ ಮರ್ಯಾದೆ ಅದು. ಗೀ ಒಗೆದಿರಲಿ. ಹಳೇ ನೋವು ಇದ್ದರೆ ಮೊದಲೇ ಹೇಳು. ಪಟ್ಟು ಬಿಗಿಯುವುದಕ್ಕೆ ಮುಂಚೆಯೇ ಟ್ಯಾಪ್ ಮಾಡು, ಎರಡು ಸಲ, ಅವರಿಗೆ ಗೊತ್ತಾಗುವ ಹಾಗೆ. ಬೇರೆಯವರು ಟ್ಯಾಪ್ ಮಾಡಿದ ಕ್ಷಣ ಬಿಡು. "ನಮ್ಮಲ್ಲಿ ಹೀಗೆ ಮಾಡುತ್ತೇವೆ" ಅನ್ನುವ ಮಾತು ಮೊದಲ ದಿನ ಬಾಯಿಗೆ ಬರುತ್ತಲೇ ಇರುತ್ತದೆ, ನುಂಗಿಕೋ. ಅವರಾಗಿ ಕೇಳಿದರೆ ಹೇಳು.

ಮಣ್ಣುಮೀಸೆ:
ಅಕ್ಕ ಹೇಳಿದ ಕೊನೇ ಮಾತು ನನಗೆ ಈಗಲೂ ಕಷ್ಟ.

ಬರಿಗೈ:
ಎಲ್ಲರಿಗೂ ದೊಡ್ಡ ನಮಸ್ಕಾರ. ಬೆಲ್ಟಿನ ಕಥೆಯನ್ನು ಆ ಹಿರಿಯರಿಗೆ ಹೇಳಿದೆ. "ಗೊತ್ತಿತ್ತು" ಅಂದರು. ಗೊತ್ತಿರಲಿಲ್ಲ ಅಂತ ಅವರ ಮುಖವೇ ಹೇಳುತ್ತಿತ್ತು. ಮೊನ್ನೆ ಜೂಡೋ ತರಗತಿಗೆ ಹೊರಟಾಗ ಸುಮ್ನೆ ನೋಡಲು ಬರುತ್ತೇನೆ ಅಂತ ಜೊತೆಗೆ ಬಂದರು. ಗೋಡೆಗೆ ಒರಗಿ ಕೈ ಕಟ್ಟಿಕೊಂಡು ಒಂದು ಗಂಟೆ ನಿಂತಿದ್ದರು.

ಆ ಹುಡುಗಿ ನನ್ನನ್ನು ಮತ್ತೆ ಎರಡು ಸಲ ಬೀಳಿಸಿದಳು. ಆಮೇಲೆ ನನ್ನ ಹತ್ತಿರ ಬಂದು, ಮುಂಗಾಲಿನ ಒದೆ ಬರುವುದು ಮೊದಲೇ ಹೇಗೆ ಗೊತ್ತಾಗುತ್ತದೆ ಅಂತ ಕೇಳಿದಳು. ಸೊಂಟ ನೋಡು ಅಂದೆ. ನಿಧಾನಕ್ಕೆ ತೋರಿಸಲು ಹೋದೆ, ನನ್ನ ಭಾರ ಹಿಂದಿನ ಕಾಲಿಗೆ ಸರಿಯುವುದು ಅವಳಿಗೆ ಕಾಣಲಿಲ್ಲ. ಎರಡು ಸಲ ಮಾಡಿದೆ, ಆಗಲೂ ಇಲ್ಲ. ಗೋಡೆಯ ಹತ್ತಿರದಿಂದ ಧ್ವನಿ ಬಂತು, "ಹಾಗಲ್ಲ, ತಡಿ." ಹಿರಿಯರು ಚಪ್ಪಲಿ ಬಿಟ್ಟು ಮ್ಯಾಟ್ ಅಂಚಿನಲ್ಲಿ ತಲೆ ಬಾಗಿಸಿ ಒಳಗೆ ಬಂದರು. ಪ್ಯಾಂಟು ಶರ್ಟಿನಲ್ಲೇ ಅರ್ಧ ಗಂಟೆ ಹೇಳಿಕೊಟ್ಟರು.

ಹೊರಡುವಾಗ ಅಲ್ಲಿನ ಗುರುಗಳು ಅವರನ್ನು ಕೇಳಿದರು, "ಮುಂದಿನ ವಾರ ಬರುತ್ತೀರಾ ಸರ್? ಗೀ ಇಲ್ಲಿದೆ, ಯಾವ ಅಳತೆ?"

ಸೊಂಟಪಟ್ಟಿ:
ಏನಂದರು?

ಬರಿಗೈ:
ಅಳತೆ ಹೇಳಿದರು.